ಅಮಾವಾಸ್ಯೆಯ ನೀರು

"ಅಕ್ಕೋರ, ಅಮಾಸಿ ದಿನ ಸಮುದ್ರ ನಿದ್ದಿ ಮಾಡತೈತಿ ಅಂತ ನೀವ ಹೇಳಿದ್ರಿ. ಹೌದಲ್ಲರಿ?"

ಸಾಲೆ ಬಿಟ್ಟ ಮೇಲೆ ಕರಿಹಲಗೆ ಒರೆಸುತ್ತಿದ್ದ ಸುಗರಾ ಟೀಚರ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿದ್ದವನು ಮೂವತ್ತರ ಹತ್ತಿರದ ಗಂಡಸು. ಖಾಕಿ ಅಂಗಿಯ ಮೇಲೆ ಕಪ್ಪು ಉಸುಕಿನ ಪುಡಿ ಕೂತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ಇಷ್ಟು ವರ್ಷಗಳ ಮೇಲೂ ಇವನಿಗೆ ಈ ಹೊಸ್ತಿಲ ಭಯ ಹೋಗಿಲ್ಲವಲ್ಲ ಎಂದುಕೊಂಡ ಮೇಲೆ ಅವರಿಗೆ ಗುರುತು ಸಿಕ್ಕಿತು. ಕುರುಬರ ಸಾತಪ್ಪ. ಖಾನಾಪುರದ ಈ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಕುರಿಗಳ ಹಿಂದೆ ಹೋದವನು.

"ಬಾರೋ, ಒಳಗ ಬಾ. ಕುಂದರು. ಈಗೆಲ್ಲಿದ್ದಿ?"

"ಮಚ್ಛೆದಾಗರಿ. ಎರಕದ ಕಾರ್ಖಾನ್ಯಾಗ ಉಸುಕ ತುಂಬತೇನ್ರಿ." ಅವನು ಕೂರಲಿಲ್ಲ. "ಅಣ್ಣ ಹಿಂಡಿನಿಂದ ಹೊರಗ ಹಾಕ್ಯಾನ್ರಿ."

ಆಮೇಲೆ ನಿಂತಲ್ಲೇ ಎಲ್ಲ ಹೇಳಿದ. ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಅವರ ಕುರಿಗಳು ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತವೆ. ಅಲ್ಲಿನ ಗದ್ದೆಗಳಲ್ಲಿ ನಿಂತು ಗೊಬ್ಬರ ಕೊಟ್ಟು, ಮಳೆಗಾಲಕ್ಕೆ ಮುಂಚೆ ಮೇಲೆ ಬರುತ್ತವೆ. ಯಾವಾಗಲೂ ಎರಡು ದಿನ ಸುತ್ತು ಹಾಕಿ ಸೇತುವೆಯ ಮೇಲೆ ಹೋಗುವವರು ಹೋದ ವರ್ಷ ಖಾಡಿಯನ್ನೇ ದಾಟಿದರು. ಸಮುದ್ರದ ನೀರು ನದಿಯ ಬಾಯೊಳಗೆ ಬಂದು ಹೋಗುವ ಜಾಗ ಅದು. ನೀರು ಇಳಿದಾಗ ನಡುವೆ ಉಸುಕಿನ ದಿಬ್ಬ ಏಳುತ್ತದೆ. ಮುಂಜಾನೆ ಹಿಂಡು ದಾಟಿತು. ಹಿಂದೆ ಉಳಿದ ಸಾತಪ್ಪ, ಹೊಸದಾಗಿ ಈದ ಕುರಿಗಳನ್ನೂ ಮರಿಗಳನ್ನೂ ದಿಬ್ಬದ ಮೇಲೆ ದಣಿವಾರಿಸಿಕೊಳ್ಳಲು ಬಿಟ್ಟ. ಬೇಗ ದಾಟಿ ಬಾ ಎಂದು ಆಚೆ ದಂಡೆಯಿಂದ ಅಣ್ಣ ಕೂಗಿದ. ಇವತ್ತು ಅಮಾವಾಸ್ಯೆ, ನೀರು ಬರುವುದಿಲ್ಲ, ನಾನು ಸಾಲೆ ಕಲಿತವನು ಎಂದು ಇವನು ಈಚೆಯಿಂದ ಕೂಗಿ ಹೇಳಿದ.

"ಹನ್ನೊಂದರ ಸುಮಾರಿಗೆ ಬಂತ್ರಿ. ಎರಡೂ ಕಡಿಂದ ಬಂತು. ನಾ ಎರಡು ಮರಿ ಹೊತಗೊಂಡು ಈಸಿದೆ. ಹನ್ನೊಂದು ಕುರಿ ಹೋದವ್ರಿ."

ಸುಗರಾ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಮಾಯಪ್ಪಣ್ಣ ಅಂತಾನ, ನೀ ದಿಬ್ಬದ ಮ್ಯಾಲೆ ಮಕ್ಕೊಂಡಿದ್ದಿ, ಈಗ ಸಾಲಿ ಹೆಸರು ಹೇಳತಿ, ಯಾವ ಅಕ್ಕೋರೂ ಹಂಗ ಕಲಸೂದಿಲ್ಲ ಅಂತ. ಇನ್ನ ಎಂಟ್ಹತ್ತು ದಿನಕ್ಕ ಹಿಂಡು ಘಟ್ಟ ಇಳೀತೈತ್ರಿ. ನೀವೊಂದ್ ಮಾತು ಹೇಳಿದ್ರ..."

ಇಪ್ಪತ್ತೇಳು ವರ್ಷದ ನೌಕರಿ. ಊರಿನಲ್ಲಿ ಅರ್ಧ ಜನ ಅವರ ಕೈಯಲ್ಲೇ ಅಕ್ಷರ ತಿದ್ದಿದವರು. ಸಂತೆಗೆ ಅವರು ಬಂದರೆ ತರಕಾರಿಯವರು ಎದ್ದು ನಿಲ್ಲುತ್ತಿದ್ದರು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಸುಗರಾ ಟೀಚರಿಗೆ ಸತ್ತ ಕುರಿಗಳ ನೆನಪಾಗಲಿಲ್ಲ, ಎದ್ದು ನಿಲ್ಲುವ ತರಕಾರಿಯವರ ನೆನಪಾಯಿತು.

"ನಾ ಹಂಗ ಹೆಂಗ ಹೇಳಲಿ, ಸಾತಪ್ಪಾ? ನೀ ಏನೋ ತಪ್ಪು ಕೇಳಿರಬೇಕು."

ಅವನು ನೆಲ ನೋಡುತ್ತ, "ಇರಬೌದ್ರಿ," ಎಂದ. "ಕಡೀ ಸಾಲಿನ್ಯಾಗ ಕುಂದರತಿದ್ದೆ." ಬಗ್ಗಿ ನಮಸ್ಕಾರ ಮಾಡಿ ಚಪ್ಪಲಿ ಮೆಟ್ಟಿಕೊಂಡು ಹೋದ. ಜಗಳ ಮಾಡಿ ಹೋಗಿದ್ದರೆ ಅವರಿಗೆ ಅಂದು ಊಟವಾದರೂ ಸೇರುತ್ತಿತ್ತು.

ಮನೆಗೆ ಬಂದವರೇ ಟ್ರಂಕು ತೆಗೆದು ಹಳೆಯ ಪಾಠ ಟಿಪ್ಪಣಿಗಳನ್ನು ಹರವಿಕೊಂಡರು. ಇರಲಿಕ್ಕಿಲ್ಲ ಎಂದು ಹುಡುಕುವವರಿಗೆ ಬೇಗನೆ ಸಿಗುತ್ತದೆ. ತಮ್ಮದೇ ದುಂಡು ಅಕ್ಷರ: 'ಹುಣ್ಣಿಮೆಗೆ ಚಂದ್ರನು ಸಮುದ್ರವನ್ನು ಎಳೆಯುತ್ತಾನೆ. ಅಮಾವಾಸ್ಯೆಗೆ ಚಂದ್ರನಿಲ್ಲ; ಸಮುದ್ರ ನಿದ್ದೆ ಮಾಡುತ್ತದೆ.' ಪಕ್ಕದಲ್ಲಿ ಅಂದಿನ ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ 'ಸುಂದರ' ಎಂದು ಬರೆದಿದ್ದರು. ಸುಂದರವೇನೋ ಹೌದು. ಪಠ್ಯದಲ್ಲಿ ಅಮಾವಾಸ್ಯೆಯ ಬಗ್ಗೆ ಎರಡು ಸಾಲು ಬೇರೆಯೇ ಇದ್ದವು. ಅವು ತಮಗೇ ಅರ್ಥವಾಗದ್ದಕ್ಕೆ ಬಿಟ್ಟು, ತಮಗೆ ಚಂದ ಕಂಡದ್ದನ್ನು ಬರೆದಿದ್ದರು. ಸಮುದ್ರವನ್ನಂತೂ ಅವರು ಜನ್ಮದಲ್ಲಿ ನೋಡಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ತಾಯಿ ಬೀಬಿಜಾನ ಪಡುವಣದ ಕಡೆ ಮುಖ ಮಾಡಿ ಕೂತಿದ್ದಳು. ಎಂಬತ್ತು ದಾಟಿದರೂ ತಿಂಗಳು ತಿಂಗಳು ಹೊಸ ಚಂದ್ರನನ್ನು ಕಣ್ಣಾರೆ ಕಾಣದೆ ಬಿಟ್ಟವಳಲ್ಲ.

"ಇವತ್ತ ಅಮಾಸಿ, ಅಮ್ಮಾ. ಚಾಂದ್ ಎಲ್ಲಿ ಇರತೈತಿ?" ಎಂದರು ಸುಗರಾ, ಸ್ವಲ್ಪ ಸಿಡುಕಿನಿಂದಲೇ.

"ನೈ ದಿಖ್ಯಾ ತೋ ನೈ ಹೈ ಕ್ಯಾ?" ಎಂದಳು ಮುದುಕಿ. ಕಾಣದಿದ್ದರೆ ಇಲ್ಲವೇ ಹುಚ್ಚಿ, ಸೂರ್ಯನ ಬಗಲಲ್ಲೇ ಇದ್ದಾನೆ, ಇಬ್ಬರೂ ಒಂದೇ ಬಾಗಿಲಿಂದ ಹೋದರು, ನಾಳೆಯೋ ನಾಡಿದ್ದೋ ಹಿಂದೆ ಉಳಿದು ಕಾಣಿಸುತ್ತಾನೆ ಎಂದು ತಮ್ಮ ಮನೆಮಾತಿನಲ್ಲೇ ವಿವರಿಸಿದಳು. ಐವತ್ತು ವರ್ಷ ಕೇಳಿದ ಮಾತು. ಒಂದು ದಿನವೂ ಅದನ್ನು ಸಾಲೆಗೆ ಒಯ್ದಿರಲಿಲ್ಲವಲ್ಲ ಎಂದು ಸುಗರಾಗೆ ನಾಚಿಕೆಯಾಯಿತು.

ಶನಿವಾರ ಮುಂಜಾನೆಯ ಸಾಲೆ ಮುಗಿಸಿ ಬೆಳಗಾವಿಯ ಬಸ್ಸು ಹತ್ತಿದರು. ಮಚ್ಛೆ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಆಚೆ ಬಾಜು ಕೂತವಳ ಬುಟ್ಟಿ ನೋಡುತ್ತ ಕೂತರು. ನಗರದ ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದನ್ನು ಕತ್ತಲಾಗುವವರೆಗೆ ಓದಿದರು. ಅಮಾವಾಸ್ಯೆಗೆ ಸೂರ್ಯ ಚಂದ್ರ ಇಬ್ಬರೂ ಒಂದೇ ಕಡೆ ನಿಂತು ಎಳೆಯುತ್ತಾರೆ. ಅಂದಿನ ಉಬ್ಬರ ಹುಣ್ಣಿಮೆಯ ಉಬ್ಬರಕ್ಕಿಂತ ಏನೂ ಕಡಿಮೆಯಲ್ಲ. ನೀರು ಸೋಮಾರಿಯಾಗುವುದು ಅಷ್ಟಮಿಯ ಆಸುಪಾಸು, ಒಬ್ಬ ಅತ್ತ ಒಬ್ಬ ಇತ್ತ ಎಳೆಯುವಾಗ. ಇಷ್ಟು ತಿಳಿಯಿತು. ಆದರೆ ಚಂದ್ರನ ಎದುರಿನ ನೀರು ಉಬ್ಬಿದಾಗಲೇ ಭೂಮಿಯ ಆ ಬೆನ್ನಿನ ನೀರೂ ಏಕೆ ಉಬ್ಬುತ್ತದೆ ಎಂಬುದು ಮಾತ್ರ ಎಷ್ಟು ಓದಿದರೂ ಗಂಟಲಲ್ಲಿ ಇಳಿಯಲಿಲ್ಲ.

ಸೋಮವಾರ ರಜೆ ಚೀಟಿ ಕಳಿಸಿ, ಊರಾಚೆ ಮಾಯಪ್ಪ ಕುರಿ ನಿಲ್ಲಿಸಿದ್ದ ಹೊಲಕ್ಕೆ ನಡೆದರು. ಕೊಯ್ಲಾದ ಭತ್ತದ ಕೂಳೆ ಸೀರೆಗೆ ಸಿಗುತ್ತಿತ್ತು. ಮಾಯಪ್ಪ ಎದ್ದು ಕಂಬಳಿ ಹಾಸಿದ. ಅವನ ಹೆಂಡತಿ ಸಾತವ್ವ ಮೂರು ಕಲ್ಲಿನ ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಸುಗರಾ ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗಬಹುದೆಂದು ಅವರಿಗೆ ತಮ್ಮ ಮೇಲೇ ಗುಮಾನಿ.

"ಮಾಯಪ್ಪಾ, ನಿನ್ನ ತಮ್ಮ ಸುಳ್ಳ ಹೇಳಿಲ್ಲ. ನಾನ ತಪ್ಪು ಕಲಿಸೀನಿ. ನಿನ್ನ ಹನ್ನೊಂದು ಕುರಿ ನನ್ನ ಮಾತಿನಾಗ ಮುಳುಗ್ಯಾವ."

ಮಾಯಪ್ಪ ಅವರನ್ನೂ ಕುರಿಗಳನ್ನೂ ನೋಡಿದ. "ಅಂವ ನಿಮ್ಮ ಕಾಲಿಗೆ ಬಿದ್ದಾನ. ನೀವು ದೊಡ್ಡ ಮನಸು ಮಾಡಿ ಅವನ ತಪ್ಪು ಹೊತಗೊಳ್ಳಾಕ ಬಂದೀರಿ."

"ಇಲ್ಲೋ. ಅಂವ ಬಂದಾಗ ನಾನೂ ಅವಂಗ 'ನೀನ ತಪ್ಪು ಕೇಳಿದಿ' ಅಂದೆ. ಅದು ಎರಡನೇ ಪಾಪ." ಅಮಾವಾಸ್ಯೆಯ ಎಳೆತವನ್ನು ಬಿಡಿಸಿ ಹೇಳಿದರು, ಒಂದೇ ಬಂಡಿಗೆ ಎರಡೂ ಎತ್ತು ಹೂಡಿದ ಹಾಗೆ ಎಂದು.

ಮಾಯಪ್ಪ ಅರ್ಧ ಒಪ್ಪಿದ. "ಅದು ಖರೇ ಇರಬೌದು. ಆದ್ರ ಅಲ್ಲೀ ಮೀನಗಾರರು ದಿನಕ್ಕ ಎರಡು ಸಲ ನೀರ ಬರತೈತಿ ಅಂತಾರು. ಚಂದ್ರ ಒಂದ ಸಲ ಬರತಾನ. ಎರಡನೇದ್ದು ಯಾರು ಎಳೀತಾರ್ರಿ?"

ಅವರು ಹೆದರಿದ್ದ ಪ್ರಶ್ನೆ ಅದೇ. ತಿಳಿಯದು ಎಂದುಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಚಹಾ ತಂದ ಸಾತವ್ವನ ಬೆನ್ನ ಮೇಲಿನ ಉದ್ದ ಜಡೆ ಕಣ್ಣಿಗೆ ಬಿತ್ತು. ನಾಗರ ಪಂಚಮಿಯಲ್ಲಿ ಇವಳು ಸಾಲೆಯ ಅಂಗಳದಲ್ಲಿ ಗೆಳತಿಯರ ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡುತ್ತಿದ್ದದ್ದು ನೆನಪಾಯಿತು.

"ಸಾತವ್ವಾ, ಚಾ ಇಡು. ಕೈ ಕೊಡು."

"ಅಯ್ಯ, ಅಕ್ಕೋರ!"

"ಕೊಡು ಅಂತೀನಿ."

ಐವತ್ತೆರಡು ವರ್ಷದ ಸುಗರಾ ಟೀಚರು ಸೆರಗು ಬಿಗಿದು, ಕೈಗೆ ಕೈ ಅಡ್ಡ ಹಿಡಿದು, ಪಾದ ಜೋಡಿಸಿ ಹಿಂದಕ್ಕೆ ವಾಲಿ ಗಿರ್ರನೆ ತಿರುಗಿದರು. ಕುರಿಗಳು ಬೆಚ್ಚಿ ಸರಿದವು. ನಾಯಿ ಬೊಗಳಿತು. "ಜಡಿ ನೋಡೋ, ಮಾಯಪ್ಪಾ!" ಎಂದು ಅವರು ಏದುಸಿರಿನಲ್ಲಿ ಕೂಗಿದರು. "ನಾ ಚಂದ್ರ, ಇಕಿ ಭೂಮಿ. ಕೈ ನನ್ನ ಸನೇಕ ಅದಾವ, ಎಳದಂಗ ಬರತಾವ. ಜಡಿ ದೂರ ಐತಿ, ಅದಕ್ಕ ಎಳತ ಮುಟ್ಟೂದು ಕಡಿಮಿ. ಹಿಂದ ಉಳದು ಆಚಿಗೆ ಹಾರತೈತಿ! ಅದ ಎರಡನೇ ನೀರು!"

ಹೇಳುತ್ತಿದ್ದ ಹಾಗೇ ಅವರಿಗೂ ಅದು ಗಂಟಲಲ್ಲಿ ಇಳಿಯಿತು. ಕೈ ಜಾರಿ ಇಬ್ಬರೂ ಕೂಳೆಯ ಮೇಲೆ ಕುಕ್ಕರಿಸಿದರು. ಸಾತವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಮಾಯಪ್ಪ ನಗಲಿಲ್ಲ. ಹೆಂಡತಿಯ ಜಡೆಯನ್ನೇ ನೋಡಿದ. ಆಮೇಲೆ ಎದ್ದು ಹೇರಿನ ಅಡಿಯಿಂದ ಮಡಿಸಿಟ್ಟ ಒಂದು ಕಂಬಳಿ ಎಳೆದು ತಂದ. ಅದರ ಒಂದು ಅಂಚಿಗೆ ಉಪ್ಪುನೀರಿನ ಬಿಳಿ ಕಲೆ ಇತ್ತು.

"ಇದು ಅವಂದು. ಹೊರಗ ಹಾಕಿದಾಗ ಇದನ್ನೂ ಕಸಗೊಂಡಿದ್ದೆ," ಎಂದ. "ಥಂಡಿ ಬಿತ್ತು. ಕೊಡ್ರಿ ಅವಂಗ." ಮತ್ತೆ ಕುರಿಗಳ ಕಡೆ ತಿರುಗಿ, "ಹಿಂಡು ಗುರುವಾರ ಇಳೀತೈತಿ," ಎಂದ.

ಅಂದೇ ಮಧ್ಯಾಹ್ನ ಮೂರೂವರೆಗೆ ಮಚ್ಛೆಯ ಕಾರ್ಖಾನೆಯ ಭೋಂಗಾ ಕೂಗಿತು. ಗೇಟಿನಿಂದ ಮಂದಿ ಸೈಕಲ್ ತಳ್ಳಿಕೊಂಡು ಹೊರಬಂದರು. ಎಲ್ಲರ ಮುಖವೂ ಒಂದೇ ಕಪ್ಪು. ಯಾವನು ಸಾತಪ್ಪನೆಂದು ಸುಗರಾಗೆ ಗೊತ್ತಾಗಲಿಲ್ಲ. ಅವನೇ ಅವರ ತೋಳಿನ ಮೇಲಿನ ಕಂಬಳಿ ನೋಡಿ, ಸಾಲೆ ಹುಡುಗನ ಹಾಗೆ ದೂರವೇ ನಿಂತುಬಿಟ್ಟ.

ಅವರು ತಾವೇ ಹತ್ತಿರ ಹೋಗಿ ಕಂಬಳಿಯನ್ನು ಅವನ ಕೈಗಿಟ್ಟರು.

"ಸಾತಪ್ಪಾ," ಎಂದರು. "ನೀ ಸರಿಯಾಗಿ ಕೇಳಿದ್ದಿ."

ಅವನು ಕಂಬಳಿಗೆ ಮುಖ ಒತ್ತಿ ನಿಂತ. ತೆಗೆದಾಗ ಅದರ ಮೇಲೆ ಮುಖದಷ್ಟಗಲ ಕಪ್ಪು ಮೂಡಿತ್ತು, ನಡುವೆ ಎರಡು ಒದ್ದೆ ಗುರುತು.