ಬೆಸ್ಟಮ್ಮನ ಮನೆಯ ಮೂರು ಚಂದ್ರಿಕೆ

ಅಂದು ಬೆಳಿಗ್ಗೆ ಮಂಜು ಬೀಳಬೇಕಿತ್ತು, ಬೀಳಲಿಲ್ಲ. ಮಾಘ ಇನ್ನೂ ಮುಗಿದಿರಲಿಲ್ಲ. ಆದರೂ ಹೊತ್ತು ಹುಟ್ಟುವ ಮೊದಲೇ ಗಾಳಿ ಒಲೆಯ ಬಾಯಿಂದ ಬಂದಂತೆ ಬೆಚ್ಚಗಿತ್ತು. ವಿರೂಪಾಕ್ಷಿಪುರದ ಕಡೆಯ ನಮ್ಮೂರಿನಲ್ಲಿ ಆಗ ಮನೆಮನೆಯಲ್ಲೂ ರೇಷ್ಮೆ ಹುಳು. ಅಂಥ ಊರಿನಲ್ಲಿ ಸೆಕೆ ಎಂದರೆ ಬೆವರು ಒರೆಸಿಕೊಂಡು ಮರೆಯುವ ಸಂಗತಿಯಲ್ಲ. ಸೆಕೆ ಏರಿದರೆ ಹುಳು ಬೇಗ ಹಣ್ಣಾಗುತ್ತದೆ. ನಾಳಿದ್ದು ಗೂಡು ಕಟ್ಟಬೇಕಾದದ್ದು ಇವತ್ತೇ ಸೊಪ್ಪು ಬಿಟ್ಟು ತಲೆಯೆತ್ತಿ ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕೂರಿಸಿದ್ದು ಚಂದ್ರಿಕೆ. ಆ ಸುರುಳಿಯ ಸಂದಿಯಲ್ಲಿ ಹುಳು ತನ್ನ ಗೂಡು ನೂಲುತ್ತದೆ. ಚಂದ್ರಿಕೆ ಇಲ್ಲವೆಂದು ಹುಳು ಕಾಯುವುದಿಲ್ಲ.

ಆ ಬೆಳಿಗ್ಗೆ ವೆಂಕಟಲಕ್ಷ್ಮಮ್ಮ ಬೀದಿ ದಾಟಿ ಎದುರುಮನೆಯ ಶಿವಲಿಂಗಮ್ಮನ ಬಾಗಿಲಿಗೆ ಬಂದು, ಎರವಲು ಕೊಟ್ಟಿದ್ದ ತನ್ನ ಮೂರು ಚಂದ್ರಿಕೆಗಳನ್ನು ಕೇಳಿದಳು. ಅವನ್ನು ಹಿಂದಕ್ಕೆ ಕೊಡಲು ಶಿವಲಿಂಗಮ್ಮನಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಎರವಲು ನಮ್ಮೂರಿನಲ್ಲಿ ಹೊಸದೇನಲ್ಲ. ಒಬ್ಬರ ಹುಳು ಒಂದು ವಾರ ಮುಂದಿರುತ್ತದೆ, ಇನ್ನೊಬ್ಬರದು ಹಿಂದಿರುತ್ತದೆ. ಚಂದ್ರಿಕೆ ಮನೆಯಿಂದ ಮನೆಗೆ ನಡೆಯುತ್ತಿರುತ್ತದೆ. ಈ ಇಬ್ಬರ ನಡುವೆಯಂತೂ ಲೆಕ್ಕವೇ ಇರಲಿಲ್ಲ. ಶಿವಲಿಂಗಮ್ಮ ಉಯ್ಯಂಬಳ್ಳಿ ಕಡೆಯ ಬೇಸಾಯದ ಮನೆಯಿಂದ ಮದುವೆಯಾಗಿ ಬಂದಾಗ ಹುಳು ಮುಟ್ಟಲು ಹೇಸುತ್ತಿದ್ದಳು. ಅವಳ ಕೈ ಹಿಡಿದು ಹುಳುವಿನ ಮೇಲಿಟ್ಟವಳು ವೆಂಕಟಲಕ್ಷ್ಮಮ್ಮ. ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಹುಳು ಪೊರೆ ಬಿಡುವ ಮುನ್ನ ಜ್ವರ ಬಂದಂತೆ ಮೇವು ಬಿಟ್ಟು ಮಲಗಿದಾಗ ಹೇಗೆ ಸುಮ್ಮನಿರಬೇಕು, ಎಲ್ಲ ಕಲಿಸಿದ್ದಳು. ಆ ಮೂರು ಚಂದ್ರಿಕೆಗಳನ್ನು ಅವಳು ಮಾಗಡಿಯ ಮೇದರ ಕೇರಿಗೆ ಹೋಗಿ, ಎದುರಿಗೆ ಕೂತು ಹೆಣೆಸಿಕೊಂಡು ಬಂದಿದ್ದಳು. ಗುರುತಿಗೆ ಅಂಚಿನಲ್ಲಿ ಕೆಂಪು ದಾರ ಕಟ್ಟಿದ್ದಳು. ಅವುಗಳಲ್ಲಿ ತನ್ನ ಹುಳು ಬಿಡುವ ಮೊದಲೇ ಶಿವಲಿಂಗಮ್ಮನ ಹುಳು ಹಣ್ಣಾದವು. "ತಕೊಂಡೋಗಮ್ಮಿ, ಹೊಸವು ನಿನ್ ಕೈಯಲ್ಲೇ ಬೋಣಿ ಆಗ್ಲಿ" ಎಂದು ಕೊಟ್ಟಿದ್ದಳು.

ಇಷ್ಟಿದ್ದ ಕಡೆ ಒಂದು ಮಾತು ಬಂದು ಕೂತಿತು.

ಆ ಮಾತನ್ನು ತಂದವರು ಬೋರಲಿಂಗಯ್ಯನವರು. ರೇಷ್ಮೆ ಇಲಾಖೆಯವರು, ಸೈಕಲ್ಲಿನಲ್ಲಿ ಬರುತ್ತಿದ್ದರು, ಒಳ್ಳೆಯ ಮನುಷ್ಯ. ಯಾರ ಮನೆ ಹೊಕ್ಕರೂ ಹುಳು ಸಾಕುವ ತಟ್ಟೆಯ ಮೇಲೆ ಬಗ್ಗಿ ನೋಡಿ "ಬೆಸ್ಟ್" ಅನ್ನುವರು. ಸೊಪ್ಪು ಬೆಸ್ಟ್, ಹುಳು ಬೆಸ್ಟ್, ಕೊಟ್ಟ ಕಾಫಿಯೂ ಬೆಸ್ಟ್. ಒಮ್ಮೆ ಅದೇ ಬೀದಿಯ ಕೆಂಚಯ್ಯನ ಜಗಲಿಯಲ್ಲಿ ಹೆಂಗಸರು ಸೇರಿ ಅವರನ್ನು ಹಿಡಿದುಕೊಂಡರು.

"ಅಲ್ಲ ಸ್ವಾಮಿ, ಬೆಸ್ಟು ಬೆಸ್ಟು ಅಂತೀರಲ್ಲ, ಹಂಗಂದ್ರೆ ಏನು?" ಎಂದಳು ವೆಂಕಟಲಕ್ಷ್ಮಮ್ಮ.

"ಹಂಗಂದ್ರೆ, ಅದಕ್ಕಿಂತ ಮೇಲೆ ಇನ್ನೊಂದಿಲ್ಲ ಅಂತ ಕಣಮ್ಮ."

"ಬೆಳಿಗ್ಗೆ ನಮ್ಮನೇಲಿ ಅಂದ್ರಿ. ಈಗ ಕೆಂಚಣ್ಣನ ಮನೇಲಿ ಅಂತಾ ಇದೀರಿ."

"ಅದೂ ಬೆಸ್ಟೇ, ಇದೂ ಬೆಸ್ಟೇ."

"ಊರಿಗೆ ಊರೇ ಮೇಲೆ ಹತ್ತಿ ಕೂತ್ಕಂಡ್ರೆ ಕೆಳಗಿರೋರು ಯಾರು ಸ್ವಾಮಿ?"

ಕೆಂಚಯ್ಯ ಬಾಯಲ್ಲಿದ್ದ ಎಲೆಯಡಿಕೆ ಬದಿಗೆ ಸರಿಸಿ, "ನಾನಿವ್ನಿ ಬುಡವ್ವ" ಎಂದ. ಎಲ್ಲರೂ ನಕ್ಕರು. ಬೋರಲಿಂಗಯ್ಯನವರೂ ನಕ್ಕರು. ಅವರ ಬಾಯಲ್ಲಿ ಆ ಮಾತು ಗುಡಿಯ ತೀರ್ಥದ ಹಾಗೆ ಎಲ್ಲರ ಅಂಗೈಗೂ ಒಂದೊಂದು ಹನಿ ಬೀಳುತ್ತಿತ್ತು. ಯಾರಿಗೂ ಹೊಟ್ಟೆ ತುಂಬುತ್ತಿರಲಿಲ್ಲ, ಯಾರಿಗೂ ಕಡಿಮೆಯೂ ಆಗುತ್ತಿರಲಿಲ್ಲ.

ಆ ವರ್ಷ ಮೇಲಿನವರು ಹೋಬಳಿಗೆ ಒಬ್ಬರನ್ನು ಆರಿಸಿ ಷೀಲ್ಡ್ ಕೊಡುತ್ತೇವೆಂದರು. ಮಾತು ಈಗ ಒಬ್ಬರ ಮೇಲೆಯೇ ಬೀಳಬೇಕಾಯಿತು. ಬೋರಲಿಂಗಯ್ಯನವರು ಶಿವಲಿಂಗಮ್ಮನ ಹುಳುಮನೆಗೆ ಬಂದರು. ಕೆಂಪು ದಾರದ ಮೂರು ಚಂದ್ರಿಕೆಗಳ ಮುಂದೆ ನಿಂತರು. ಗೂಡುಗಳು ಒಂದೇ ಅಳತೆಯಲ್ಲಿ, ಕೋದಿಟ್ಟಂತೆ ಸುರುಳಿಯುದ್ದಕ್ಕೂ ಕೂತಿದ್ದವು. ಅವರು ಎಂದಿನಂತೆ ಬೆಸ್ಟ್ ಅನ್ನಲಿಲ್ಲ. ಹತ್ತಿರ ಬಗ್ಗಿ ನೋಡಿ, ಮೆಲ್ಲಗೆ, "ಅಮ್ಮ, ಇದು ನಿಜವಾಗ್ಲೂ ಬೆಸ್ಟ್" ಎಂದರು. "ನಾಳಿದ್ದು ಸಾಹೇಬ್ರನ್ನ ಕರ್ಕೊಂಡು ಬರ್ತೀನಿ. ಅಲ್ಲೀವರ್ಗೂ ಗೂಡು ಬಿಡಿಸಬೇಡಿ. ಚಂದ್ರಿಕೆ ಮೇಲೇ ಇರಲಿ, ನೋಡೋಕೆ ಚೆಂದ."

ಶಿವಲಿಂಗಮ್ಮ ಆ ರಾತ್ರಿ ಮಲಗಿ ಆ ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಳು. ಹುಟ್ಟಿದ ಮನೆಯಲ್ಲಿ ಐದನೆಯ ಹೆಣ್ಣು ಅವಳು. ಸೇರಿದ ಮನೆಯಲ್ಲಿ ಕಿರಿಯ ಸೊಸೆ. ಯಾವುದರಲ್ಲೂ ಮೊದಲು ನಿಂತು ಗೊತ್ತಿರಲಿಲ್ಲ.

ಬೆಳಗಾದರೆ ಆ ಸೆಕೆ. ವೆಂಕಟಲಕ್ಷ್ಮಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಬಂದಳು.

"ಅಮ್ಮಿ, ನನ್ ಹುಳ ಎಲ್ಲಾ ಒಂದೇ ಸಲ ಹಣ್ಣಾಗ್ಬುಟ್ಟವೆ. ಮನೇಲಿರೋವು ಹಳೇವು, ಸಾಕಾಗಾಕಿಲ್ಲ. ನಿನ್ ಗೂಡು ಬಲ್ತವಲ್ಲ, ಬಿಡಿಸ್ಕೊ. ನಾನೂ ಕೈ ಹಾಕ್ತೀನಿ, ಒಸಿ ಹೊತ್ತಿಗೆ ಆಯ್ತದೆ."

"ನಾಳೆ ಕೊಡ್ತೀನಿ ಅಕ್ಕ. ಸಾಹೇಬ್ರು ಬತ್ತಾರಂತೆ, ಬಿಡಿಸ್ಬೇಡಿ ಅಂದವ್ರೆ."

"ಹುಳ ನಾಳೆಗಂಟ ತಡೀತವಾ?"

ಶಿವಲಿಂಗಮ್ಮನಿಗೆ ತಡೆಯುವುದಿಲ್ಲವೆಂದು ಗೊತ್ತಿತ್ತು. ಗೊತ್ತುಮಾಡಿಸಿದ್ದವಳೇ ಎದುರಿಗೆ ನಿಂತಿದ್ದಳು. "ಒಂದಿನ ತಾನೆ ಅಕ್ಕ" ಎಂದಳು, ನೆಲ ನೋಡುತ್ತ.

ವೆಂಕಟಲಕ್ಷ್ಮಮ್ಮ ಬರಿಗೈಯಲ್ಲಿ ಹಿಂದಿರುಗಿದಳು. ಕೆಂಚಯ್ಯನ ಮನೆಗೆ ಹೋದಳು, ಗೌಡರ ಮನೆಗೆ ಹೋದಳು. ಆ ಸೆಕೆಗೆ ಊರಿನ ಹುಳುವೆಲ್ಲ ಒಟ್ಟಿಗೇ ಹಣ್ಣಾಗಿದ್ದವು, ಯಾರಲ್ಲೂ ಖಾಲಿ ಇರಲಿಲ್ಲ. ಹುಣಸೆ ಕೊಂಬೆ ಕಡಿದು ಹಾಸಿ, ಹಳೆಯ ಚಂದ್ರಿಕೆಗಳಲ್ಲಿ ಒತ್ತೊತ್ತಾಗಿ ಬಿಟ್ಟಳು. ಜಾಗ ಸಾಲದೆ ಎರಡೆರಡು ಹುಳು ಸೇರಿ ಜೋಡಿ ಗೂಡು ಕಟ್ಟಿದವು. ಅದರಿಂದ ನೂಲು ಬಿಚ್ಚಲು ಬರುವುದಿಲ್ಲ. ಉಳಿದವು ತಟ್ಟೆಯ ಅಡಿಯಲ್ಲಿ, ಗೋಡೆಯ ಬಿರುಕಿನಲ್ಲಿ, ಕಸದಲ್ಲಿ ನೂಲಿ ಕೊಳೆಯಾದವು. ರಾಮನಗರದ ಮಾರ್ಕೆಟ್ಟಿಗೆ ಒಯ್ದ ಗೂಡನ್ನು ಕೇಳುವವರಿರಲಿಲ್ಲ.

ಇತ್ತ ಮಾರನೆಯ ದಿನ ಸಾಹೇಬರು ಬಂದರು. ಊರ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಎಲ್ಲರ ಹಿಂದೆ, ಕಣ್ಣು ಕೆಂಪಾಗಿದ್ದ ವೆಂಕಟಲಕ್ಷ್ಮಮ್ಮನೂ ನಿಂತಿದ್ದಳು.

"ಚಂದ್ರಿಕೆ ಎಷ್ಟು ಚೆನ್ನಾಗಿವೆ. ಎಲ್ಲಿ ಮಾಡಿಸಿದ್ರಮ್ಮ?" ಎಂದರು ಸಾಹೇಬರು.

"ಮಾಗಡೀಲಿ" ಎಂದಳು ಶಿವಲಿಂಗಮ್ಮ.

ಸುಳ್ಳಲ್ಲ. ಮಾಗಡಿಯಲ್ಲೇ ಮಾಡಿಸಿದ್ದು. ಮಾಡಿಸಿದವರು ಯಾರೆಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ತಲೆಯೆತ್ತಿ ನೋಡಿದಾಗ ಹಿಂದೆ ನಿಂತಿದ್ದವಳು ಅಲ್ಲಿರಲಿಲ್ಲ.

ಷೀಲ್ಡ್ ಬಂತು. ಮರದ ಹಲಗೆ, ಮೇಲೆ ಹಿತ್ತಾಳೆ ತಗಡು, ಅದರ ಮೇಲೆ ಇಂಗ್ಲಿಷಿನಲ್ಲಿ ಆ ಮಾತು. ಗಂಡ ಮರಿಯಪ್ಪ ಅದನ್ನು ದೇವರ ಪಟಗಳ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ. ಊರು ಅವಳಿಗೆ ಬೆಸ್ಟಮ್ಮ ಎಂದು ಹೆಸರಿಟ್ಟಿತು. ಮಾರ್ಕೆಟ್ಟಿನಲ್ಲಿ ಮರಿಯಪ್ಪನ ಚೀಲ ಕಂಡರೆ, "ದಾರಿ ಬುಡ್ರಲಾ, ಬೆಸ್ಟಮ್ಮನ ಗೂಡು ಬಂತು" ಅನ್ನುವರು. ನೀರಿಗೆ ನಿಂತರೆ ಹುಡುಗಿಯರು, "ಬೆಸ್ಟಮ್ಮಾರೇ, ನಿಮ್ ಬಿಂದಿಗೇನೂ ಬೆಸ್ಟಾ?" ಅನ್ನುವರು. ಅವಳು ನಗುವಳು. ಹೆಸರು ಕರೆದಾಗಲೆಲ್ಲ ಎದುರುಮನೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಮಾತ್ರ ನೋಡುವಳು.

ವೆಂಕಟಲಕ್ಷ್ಮಮ್ಮ ಜಗಳ ತೆಗೆಯಲಿಲ್ಲ. ಆಡಿದ್ದರೆ ಆಡಿ ಮುಗಿಯುತ್ತಿತ್ತು. "ಕೈ ಸೋತೈತೆ" ಎಂದಷ್ಟೇ ಹೇಳಿ ಮತ್ತೆ ಹುಳು ಇಡಲಿಲ್ಲ. ಸೊಪ್ಪಿನ ಗಿಡ ಕಿತ್ತು ಅವಳ ಗಂಡ ರಾಗಿ ಬಿತ್ತಿದ. ಹುಳು ಇಡದವಳು ಚಂದ್ರಿಕೆ ಏಕೆ ಕೇಳುತ್ತಾಳೆ? ಕೇಳದವಳಿಗೆ ಏನೆಂದು ಹೇಳಿ ಒಯ್ದು ಕೊಡುವುದು? ಮೊದಲ ವಾರ ನಾಚಿಕೆ ತಡೆಯಿತು. ಆ ಮೇಲೆ ತಡವಾದದ್ದೇ ಒಂದು ನಾಚಿಕೆಯಾಯಿತು. ಶಿವಲಿಂಗಮ್ಮ ಅವುಗಳಲ್ಲಿ ಇನ್ನೊಮ್ಮೆ ಹುಳು ಬಿಡಲಿಲ್ಲ. ಅಟ್ಟದ ಮೇಲೆ ನಿಲ್ಲಿಸಿ, ವರ್ಷಕ್ಕೊಮ್ಮೆ ಇಳಿಸಿ, ಒರೆಸಿ, ಗೆದ್ದಲು ಹಿಡಿಯದಂತೆ ಸಗಣಿ ಬಳಿದು ಬಿಸಿಲಿಗಿಟ್ಟು ಮತ್ತೆ ಹತ್ತಿಸುವಳು. "ಉಪಯೋಗಿಸದೆ ಇರೋದಕ್ಕೆ ಯಾಕಿಷ್ಟು ಉಪಚಾರ?" ಎಂದು ಮರಿಯಪ್ಪ ಒಮ್ಮೆ ಕೇಳಿದ. "ಬೇರೇರದು" ಎಂದಳು.

ಮಾರಮ್ಮನ ಗುಡಿಗೂ ಹೋದಳು. ಪ್ರತಿ ಮಂಗಳವಾರ ಹೋದಳು. ತಾಯಿ ಹೂ ತೆಗೆದುಕೊಂಡಳು, ಭಾರ ತೆಗೆದುಕೊಳ್ಳಲಿಲ್ಲ.

ನಮ್ಮೂರಿನಲ್ಲಿ ಒಂದು ನಡವಳಿಕೆ ಇದೆ. ಮಾಘದ ಬೆಳೆ ಮುಗಿದ ಮೇಲೆ ಪ್ರತಿ ಮನೆಯಿಂದ ಒಂದು ಹಿಡಿ ಗೂಡು ಗುಡಿಗೆ ಬರುತ್ತದೆ. ಎಲ್ಲವನ್ನೂ ಒಂದೇ ಮೊರಕ್ಕೆ ಸುರಿದು, ಪೋಣಿಸಿ, ಅಮ್ಮನಿಗೆ ಹಾರ ಹಾಕುತ್ತಾರೆ. ಆ ಹಾರ ಕಟ್ಟುವ ಕೈ ಮೊದಲಿನಿಂದಲೂ ವೆಂಕಟಲಕ್ಷ್ಮಮ್ಮನದೇ. ತನ್ನ ಮನೆಯಿಂದ ಹಾಕಲು ಗೂಡಿಲ್ಲದಿದ್ದರೂ ಅವಳು ಆ ಕೆಲಸ ಬಿಟ್ಟಿರಲಿಲ್ಲ.

ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಬಲೆಗಳು ಬಂದು ಬಿದಿರು ಮೂಲೆ ಸೇರಿದ್ದ ಒಂದು ವರ್ಷ, ಶಿವಲಿಂಗಮ್ಮ ಗೂಡುಗಳಲ್ಲಿ ದಪ್ಪಗೆ ಬೆಳ್ಳಗಿರುವುದನ್ನೇ ಆರಿಸಿ ಬೇರೆ ಪೊಟ್ಟಣದಲ್ಲಿ ತಂದಳು. ಅದನ್ನು ತಂದುಕೊಟ್ಟರೆ ಎದುರಿನವಳು ಒಂದು ಮಾತಾದರೂ ಆಡಿಯಾಳು ಎಂಬ ಆಸೆ. ವೆಂಕಟಲಕ್ಷ್ಮಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತು. ಬೆರಳಿನಿಂದ ತಡವಿಕೊಂಡೇ ಪೋಣಿಸುತ್ತಿದ್ದಳು.

"ಇವನ್ನ ನಡುಮಧ್ಯೆ ಹಾಕಕ್ಕ. ಬೆಸ್ಟಾಗಿರೋವು" ಎಂದಳು ಶಿವಲಿಂಗಮ್ಮ. ಬಾಯಿಂದ ಬಿದ್ದ ಮೇಲೆ ಆ ಮಾತು ಅವಳ ಕಿವಿಯನ್ನೇ ಇರಿಯಿತು.

ವೆಂಕಟಲಕ್ಷ್ಮಮ್ಮ ಪೊಟ್ಟಣ ಬಿಚ್ಚಿ ಮೊರಕ್ಕೆ ಸುರಿದಳು. ಕೈಯಾಡಿಸಿ ಎಲ್ಲದರೊಂದಿಗೆ ಬೆರೆಸಿದಳು. "ಅಮ್ಮನ ಕೊರಳಿಗೆ ಹಾಕಿ ತಿರುಗಿಸಿದ್ರೆ ನಡುಮಧ್ಯೆ ಯಾವ್ದೋ, ಕಡೇದು ಯಾವ್ದೋ ಕಣಮ್ಮಿ" ಎಂದಳು. ಕೋಪವಿರಲಿಲ್ಲ. ಅಮ್ಮಿ ಎಂದು ಅವಳು ಕರೆದು ಎಷ್ಟೋ ಕಾಲವಾಗಿತ್ತು.

ಶಿವಲಿಂಗಮ್ಮ ಅಲ್ಲಿ ನಿಲ್ಲಲಾರದೆ ಮನೆಗೆ ಬಂದಳು. ಅಟ್ಟಕ್ಕೆ ಏಣಿ ಹಾಕಿದಳು. ಹಗಲು ಹೊತ್ತು, ಬೀದಿಯಲ್ಲಿ ಜನವಿತ್ತು. ಒಂದು ಚಂದ್ರಿಕೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿ ದಾಟಿದಳು, ಎದುರುಮನೆಯ ಗೋಡೆಗೆ ಒರಗಿಸಿದಳು, ಹಿಂದಿರುಗಿ ಇನ್ನೊಂದನ್ನು ತಂದಳು. ಮುದುಕನಾಗಿದ್ದ ಕೆಂಚಯ್ಯ ಜಗಲಿಯಿಂದ, "ಏನ್ ಬೆಸ್ಟಮ್ಮ, ಮನೆ ಖಾಲಿ ಮಾಡ್ತಾ ಇದೀಯಾ?" ಎಂದ.

"ನನ್ ಹೆಸ್ರು ಶಿವ್ಲಿಂಗಮ್ಮ ಕಣಣ್ಣ" ಎಂದಳು ಅವಳು, ನಿಲ್ಲದೆ.

ಮೂರನೆಯದನ್ನು ಹೊತ್ತು ಬರುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಗುಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಗೋಡೆಗೆ ಒರಗಿಸಿದ್ದರ ಅಂಚಿನ ಮೇಲೆ ಅವಳ ಬೆರಳು ಮೆಲ್ಲಗೆ ನಡೆಯಿತು. ದಾರದ ಗಂಟಿನ ಮೇಲೆ ನಿಂತಿತು.

"ಬಿಚ್ಚಿಲ್ವಾ?"

"ಇಲ್ಲಕ್ಕ."

"ಇನ್ನು ಇವು ನಂಗ್ಯಾಕಮ್ಮಿ? ಮನೇಲಿ ಹುಳ ಇಲ್ಲ."

"ನಿನ್ನವು" ಎಂದಳು ಶಿವಲಿಂಗಮ್ಮ.

ವೆಂಕಟಲಕ್ಷ್ಮಮ್ಮ ದಾರದ ಗಂಟಿನಿಂದ ಬೆರಳು ತೆಗೆದಳು. ಆ ಮೇಲೆ ಎರಡೂ ಕೈ ಎತ್ತಿ ಮುಂದೆ ಬಂದಳು. ಶಿವಲಿಂಗಮ್ಮ ತಲೆ ಬಗ್ಗಿಸಿ, ಹೊತ್ತಿದ್ದ ಮೂರನೆಯ ಚಂದ್ರಿಕೆಯನ್ನು ಅವಳ ಕೈಗೆ ಇಳಿಸಿದಳು.