ದಿಬ್ಬದ ಮೇಲಿನ ಶ್ಯಾಮಣ್ಣ

ಶ್ಯಾಮಣ್ಣ ವರ್ಷಗಟ್ಟಲೆ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಬಾವುಟ ಹಿಡಿದು ನಿಂತವರು. ಆದರೆ ಯಾವ ಪಂದ್ಯವನ್ನು ಯಾರು ಗೆದ್ದರೆಂದು ಕೇಳಿದರೆ ಒಂದಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ನಾವು ಅವರನ್ನು ಸುತ್ತುವರಿದು, "ಏನ್ ಸಾರ್, ನಿನ್ನೆ ಕಪ್ಪು ಯಾರ್ ಹೊಡೆದ್ರು?" ಎಂದು ಕೆಣಕಿದರೆ, ಕನ್ನಡಕ ಒರೆಸಿಕೊಳ್ಳುತ್ತ, "ಯಾರೋ ಹೊಡೆದಿರ್ತಾರೆ ಬಿಡ್ರಿ. ನನ್ ಹತ್ರ ಯಾರೂ ಬೀಳ್ಲಿಲ್ಲ," ಎನ್ನುತ್ತಿದ್ದರು. ಅವರ ಮಟ್ಟಿಗೆ ಪಂದ್ಯದ ಫಲಿತಾಂಶವೆಂದರೆ ಅದೇ.

ಬೆಂಗಳೂರಿನ ಅಂಚಿನ ಹೂಡಿಯ ಕಡೆಯವರು. ಟೆಲಿಫೋನ್ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು ಅವರದು. ಕೃಶಕಾಯ, ನೆರೆತ ಮೀಸೆ, ಕೆಸರುಗದ್ದೆಯ ಬದುವಿನ ಮೇಲೆ ಹೆಜ್ಜೆಯಿಡುವವರಂತೆ ನೆಲವನ್ನು ಪರೀಕ್ಷಿಸಿ ನಡೆಯುವ ನಡಿಗೆ. ವೇಗದ ಆಟಕ್ಕೆ ಭಾನುವಾರಗಳನ್ನೆಲ್ಲ ಧಾರೆಯೆರೆದ ಈ ಮಹಾನುಭಾವರು ಸ್ವಂತಕ್ಕೆ ಓಡಿಸುತ್ತಿದ್ದುದು ಒಂದು ಹಳೆಯ ಮೊಪೆಡ್. ಅದನ್ನು ಸೈಕಲ್ಲಿನ ಪೇಪರ್ ಹುಡುಗರೂ ಹಿಂದೆ ಹಾಕಿ ಹೋಗುತ್ತಿದ್ದರು. ಭಾನುವಾರ ಬಂತೆಂದರೆ ಮಾತ್ರ ಕಿತ್ತಳೆ ಬಣ್ಣದ ಒಂದು ಕೋಟು ಮೈಗೇರುತ್ತಿತ್ತು. ಅದನ್ನು ಒಮ್ಮೆ ಉಳಿದ ಬಟ್ಟೆಗಳೊಂದಿಗೆ ನೆನೆಹಾಕಿ, ಬನಿಯನ್ನುಗಳೆಲ್ಲ ಕಾವಿಯಾದ ಮೇಲೆ, ಅವರ ಹೆಂಡತಿ ಸೀತಮ್ಮ, "ಸಂನ್ಯಾಸ ತಗೊಳಕ್ಕೆ ಇನ್ನೇನ್ ಬಾಕಿ ಇದೆ?" ಎಂದು ರೇಗಿದರಂತೆ. ಶ್ಯಾಮಣ್ಣ ಆ ಬನಿಯನ್ನುಗಳನ್ನು ಹರಿಯುವ ತನಕ ನೆಮ್ಮದಿಯಾಗಿ ತೊಟ್ಟರು.

ಓಟದ ದಾರಿಯ ಪಕ್ಕದಲ್ಲಿ ಬಾವುಟ ಹಿಡಿದು ನಿಲ್ಲುವ ಸ್ವಯಂಸೇವಕರಿಗೆ ಮಾರ್ಷಲ್ ಎಂದು ದೊಡ್ಡ ಹೆಸರು. ಸಂಬಳವಿಲ್ಲ, ಒಂದು ಟೋಪಿ, ಮಧ್ಯಾಹ್ನಕ್ಕೆ ಒಂದು ಪೊಟ್ಟಣ ಪುಳಿಯೋಗರೆ. ಕಾಲೇಜಿನ ಹುಡುಗರು ಹತ್ತಿರದಿಂದ ಓಟ ನೋಡುವ ಆಸೆಗೆ ಬಂದು ಸೇರಿ, ಗಾಡಿಗಳು ಹಾರಿದಾಗ ಮೈಮರೆತು ಕೇಕೆ ಹಾಕುತ್ತಿದ್ದರು. ಶ್ಯಾಮಣ್ಣ ಅಂಥವರನ್ನು ಮೆಲ್ಲಗೆ ಪಕ್ಕಕ್ಕೆ ಕರೆಯುತ್ತಿದ್ದರು. "ಚಪ್ಪಾಳೆ ತಟ್ಟೋ ಹಾಗಿದ್ರೆ ಹಗ್ಗದ ಆಚೆ ಹೋಗಪ್ಪ, ತಪ್ಪೇನಿಲ್ಲ. ಇಲ್ಲಿ ಬಿದ್ದೋನ್ನ ಎತ್ತೋನೊಬ್ಬ, ಬರೋರನ್ನ ಎಚ್ಚರಿಸೋನೊಬ್ಬ. ಎತ್ತೋನು ಬಾವುಟ ಮುಟ್ಬಾರ್ದು, ಬಾವುಟದೋನು ಬಿದ್ದೋನ್ನ ನೋಡ್ಬಾರ್ದು." ಈ ಮಾತನ್ನು ಅವರ ಬಾಯಲ್ಲಿ ಕೇಳಿದಾಗ ನನಗೆ ನಗು ಬಂದಿತ್ತು. ಬಿದ್ದವನನ್ನು ನೋಡಬಾರದೆಂಬುದೂ ಒಂದು ನಿಯಮವೇ?

ಶ್ಯಾಮಣ್ಣನ ಪಕ್ಕದ ಮನೆಯ ಅಂಜನಮ್ಮ ಹಸು ಕಟ್ಟಿಕೊಂಡು ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಹಾಲು ಹಾಕುತ್ತಿದ್ದ ಹೆಂಗಸು. ಆಕೆಯ ಒಬ್ಬನೇ ಮಗ ಮುನೀಂದ್ರ ಶ್ಯಾಮಣ್ಣನ ಮೊಪೆಡ್ಡಿನ ಮುಂದೆ ನಿಂತೇ ಬೆಳೆದವನು, ಅವರನ್ನು 'ಮಾವ' ಎಂದೇ ಕರೆಯುತ್ತಿದ್ದವನು. ಪಂದ್ಯದ ಹುಚ್ಚು ಹತ್ತಿದ್ದೂ ಅವರ ಜೊತೆ ಹೋಗಿ ಹೋಗಿಯೇ. ಅವನು ಸವಾರನಾಗಿ ಇಳಿದ ಮೊದಲ ದೊಡ್ಡ ಪಂದ್ಯ ಸರ್ಜಾಪುರದ ಆಚೆ, ಸೈಟು ಮಾಡಲೆಂದು ಸಮತಟ್ಟು ಮಾಡಿಟ್ಟಿದ್ದ ಬಯಲಿನಲ್ಲಿ ನಡೆಯಿತು. ಮಣ್ಣಿನ ದಾರಿ, ನಡುವೆ ಒಂದು ದಿಬ್ಬ. ಏರಿ ಬರುವ ಸವಾರನಿಗೆ ದಿಬ್ಬದ ಆಚೆ ಏನಿದೆಯೆಂದು ಕಾಣದು. ಹಾರಿದ ಮೇಲೆಯೇ ಗೊತ್ತಾಗಬೇಕು. ಆ ದಿಬ್ಬದ ನೆತ್ತಿಯೇ ಶ್ಯಾಮಣ್ಣನ ಜಾಗ. ಬಿದ್ದವರನ್ನು ಎತ್ತಲು ಅವರ ಜೊತೆಗಿದ್ದವನು ಇರಣ್ಣ. ಮುನೀಂದ್ರನ ಓಟ ನೋಡಲು ಅಂದು ನಾನೂ ಹೋಗಿದ್ದೆ.

ಧೂಳು ಏಳದಿರಲೆಂದು ಟ್ಯಾಂಕರಿನವನು ದಾರಿಗೆ ನೀರು ಬಿಟ್ಟಿದ್ದ. ದಿಬ್ಬದ ಆಚೆಯ ಇಳಿಜಾರಿನಲ್ಲಿ ಒಂದು ಕಡೆ ಅದು ಅತಿಯಾಗಿತ್ತು. ಹಿಂದಿನ ಸುತ್ತಿನಲ್ಲಿ ಜಾರಿದವನೊಬ್ಬನ ಗಾಡಿಯನ್ನು ಇರಣ್ಣ ದೂರದ ಅಂಚಿಗೆ ಎಳೆದೊಯ್ಯುತ್ತಿದ್ದಾಗಲೇ ಎಲ್ಲರಿಗಿಂತ ಮುಂದಿದ್ದ ಮುನೀಂದ್ರ ಹಾರಿ ಬಂದು, ಅದೇ ಕೆಸರಿನಲ್ಲಿ ಇಳಿದು, ಮಗುಚಿಕೊಂಡ. ಗಾಡಿ ಅವನ ಕಾಲಿನ ಮೇಲಿತ್ತು. "ಮಾವಾ! ಮಾವಾ!" ಎಂದು ಕೂಗತೊಡಗಿದ.

ಶ್ಯಾಮಣ್ಣ ತಿರುಗಲಿಲ್ಲ. ನಾಲ್ಕು ಹೆಜ್ಜೆ ಇಳಿದಿದ್ದರೆ ಹುಡುಗ ಕೈಗೆ ಸಿಗುತ್ತಿದ್ದ. ಅವರು ಅವನಿಗೆ ಬೆನ್ನು ಹಾಕಿ, ಏರಿ ಬರುತ್ತಿದ್ದ ಸವಾರರಿಗೆ ಎದೆಯೊಡ್ಡಿ, ಹಳದಿ ಬಾವುಟವನ್ನು ಎರಡೂ ಕೈಯಲ್ಲಿ ಬೀಸುತ್ತಲೇ ನಿಂತರು. ಹಗ್ಗದ ಆಚೆಯಿದ್ದ ನಮಗೆಲ್ಲ ಮೈ ಉರಿದುಹೋಯಿತು. "ಯೋವ್, ಎತ್ತಯ್ಯಾ ಅವನ್ನ! ಮನುಷ್ಯನಾ ನೀನು?" ಎಂದು ಯಾರೋ ಕಿರುಚಿದರು. ಸವಾರರು ಒಬ್ಬೊಬ್ಬರಾಗಿ ವೇಗ ತಗ್ಗಿಸಿ, ಅಂಚು ಹಿಡಿದು, ಮುನೀಂದ್ರನ ತಲೆಯಿಂದ ಮಾರು ದೂರದಲ್ಲಿ ಸಾಗಿಹೋದರು. ಇರಣ್ಣ ಓಡಿ ಬಂದು ಗಾಡಿ ಎತ್ತಿ, ಹುಡುಗನನ್ನು ಆಚೆಗೆ ಎಳೆದುಕೊಂಡ ಮೇಲೂ ಶ್ಯಾಮಣ್ಣನ ಮುಖ ಈಚೆಗೆ ಹೊರಳಲಿಲ್ಲ. ಕೊನೆಯ ಗಾಡಿ ದಾಟುವುದು ಬಾಕಿಯಿತ್ತು.

ಸಂಜೆ ಅದೇ ಕೆಸರು ಕೋಟಿನಲ್ಲಿ ಆಸ್ಪತ್ರೆಗೆ ಹೋದರು. ಮುನೀಂದ್ರನ ಕಾಲು ಮುರಿದಿತ್ತು. ಅವನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ಅಂಜನಮ್ಮ ಬಾಗಿಲಲ್ಲೇ ಅಡ್ಡ ನಿಂತರು. "ನಿನ್ನ ನಂಬ್ಕೊಂಡು ಕಳಿಸ್ದೆ. ಇಂಗಾ ಮಾಡೋದು? ಕರುಳು ಅನ್ನೋದು ಐತಾ ನಿಂಗೆ?" ಶ್ಯಾಮಣ್ಣ ನಿಯಮದ ಮಾತೆತ್ತಲಿಲ್ಲ. ಕೈಯಲ್ಲಿದ್ದ ಎಳನೀರನ್ನು ಬೆಂಚಿನ ಮೇಲಿಟ್ಟು ಹಿಂದಿರುಗಿದರು. ಅಂದಿನಿಂದ ಅಂಜನಮ್ಮ ಹಾಲನ್ನು ಸೀತಮ್ಮನ ಕೈಗೆ ಕೊಡದೆ ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋಗತೊಡಗಿದರು. ಆ ಮನೆಯ ಕಡೆಯಿಂದ ಮಾತು ನಿಂತೇ ಹೋಯಿತು. ಶ್ಯಾಮಣ್ಣ ಒಳಗೊಳಗೇ ಸೊರಗಿದರು. ಮಕ್ಕಳಿಲ್ಲದ ಅವರಿಗೆ ಮುನೀಂದ್ರನೇ ಮಗನಾಗಿದ್ದ.

ಯುಗಾದಿಯ ಹೊತ್ತಿಗೆ ಹುಡುಗ ಕೋಲೂರಿಕೊಂಡು ಓಡಾಡುವಂತಾದ. ಒಂದು ಭಾನುವಾರ ನಾನು ಶ್ಯಾಮಣ್ಣನ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಅಂಜನಮ್ಮ ತಾವಾಗಿಯೇ ಬಂದು ಗೇಟಿನಲ್ಲಿ ನಿಂತರು.

"ಒಂದ್ ಮಾತು ಕೇಳ್ತೀನಿ, ದೇವ್ರಾಣೆ ದಿಟ ಏಳು. ಅವ್ನು ಕೂಗಿದ್ದು ನಿಂಗೆ ಕೇಳಿಸ್ನೇ ಇಲ್ವಾ?"

"ಕೇಳಿಸ್ತು ಅಂಜನಕ್ಕ," ಎಂದರು ಶ್ಯಾಮಣ್ಣ. "ಅದನ್ನೇ ಕೇಳ್ತಾ ನಿಂತಿದ್ದೆ. ಕೂಗ್ತಾ ಇದಾನೆ ಅಂದ್ರೆ ಜೀವ ಇದೆ, ಇನ್ನೂ ಯಾರೂ ಅವನ ಮೇಲೆ ಹತ್ತಿಸಿಲ್ಲ ಅಂತ. ಕೂಗು ನಿಂತಿದ್ರೆ ನಾನೂ ಬಾವುಟ ಬಿಸಾಕಿ ತಿರುಗ್ಬಿಡ್ತಿದ್ನೇನೋ. ನಿಲ್ಲಿಸ್ಬೇಡ ಮಗಾ, ಕೂಗು, ಕೂಗು ಅಂತ ಬೇಡ್ಕೊತಿದ್ದೆ."

ಅಂಜನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಇದ್ನ ಅವತ್ತೇ ಏಳ್ಬಾರ್ದಿತ್ತಾ?"

"ಅವತ್ತು ನೀವು ಬೈದಿದ್ದು ಸರೀನೇ ಇತ್ತು. ಹೆತ್ತೋರು ಬೈಲೇಬೇಕು."

ಶ್ಯಾಮಣ್ಣನಂಥವರು ನಮ್ಮ ನಡುವೆ ಇನ್ನೂ ಇದ್ದಾರೆ, ಓಟದ ಬಯಲಿನಲ್ಲಿ ಮಾತ್ರವಲ್ಲ. ಕರುಣೆಯೆಂದರೆ ಓಡಿಹೋಗಿ ಅಪ್ಪಿ ಎತ್ತುವುದೆಂದೇ ತಿಳಿದ ನಾವು, ಎತ್ತಿದ ಕೈಯನ್ನು ಕೊಂಡಾಡುತ್ತೇವೆ. ಆ ಕೈ ಬರುವ ತನಕ ಬಿದ್ದವನ ಮೇಲೆ ಇನ್ನೊಂದು ಗಾಲಿ ಹರಿಯದಂತೆ ನಿಂತವರ ಪಾಲಿಗೆ ದಕ್ಕುವುದು ಬಹುಪಾಲು ಬೈಗುಳವೇ. ಅವರು ತಪ್ಪಿಸಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಬೆನ್ನು ಮಾತ್ರ ಎಲ್ಲರಿಗೂ ಕಾಣುತ್ತದೆ.