ಮೂರು ಉಸಿರಿನ ನಿಯಮ

ಕೆಂಪು ದೀಪ, ಪಕ್ಕದಲ್ಲಿ ಮತ್ತೊಂದು ಕೆಂಪು, ಅದರ ಮೇಲೆ ಇನ್ನೊಂದು, ನಡುವಿನ ಹತ್ತೂ ಚೌಕಟ್ಟುಗಳು ರಕ್ತ ಕಾರಿದ ಹಾಗೆ ಉರಿಯುತ್ತಿವೆ, ಬೆಳಗಿನ ಹನ್ನೊಂದಕ್ಕೆ ಇಂಥದ್ದನ್ನು ಈ ಟೆಲಿಫೋನ್ ಎಕ್ಸ್‌ಚೇಂಜಿನ ಹತ್ತೊಂಬತ್ತು ವರ್ಷದಲ್ಲಿ ನೋಡಿದ್ದಿಲ್ಲ, ಪೇಟೆ ಬೀದಿಯಲ್ಲಿ ಅಂಗಡಿಗಳಿಗೆ ಬೆಂಕಿ ಹಚ್ಚಿದ್ದಾರಂತೆ, ಒಬ್ಬನನ್ನು ಶಟರಿನ ಸಲಾಕೆಯಿಂದ ಬಡಿದು ಚರಂಡಿಗೆ ಕೆಡವಿದ್ದಾರಂತೆ, ಊರಿಗೆ ಊರೇ ಫೋನೆತ್ತಿಕೊಂಡು ಕೂತಿದೆ, ಎಲ್ಲಿದ್ದೀಯ, ಬಾಗಿಲು ಹಾಕ್ಕೋ, ಮಗು ಬಂತಾ — ಕರೆ ಮೊದಲ ಹಂತದ ಕಪಾಟಿಗೆ ಬರುತ್ತದೆ, ಕೊನೆಯ ಹಂತದ ಕಪಾಟಿನಿಂದ ಹೊರಟು ಇನ್ನೊಂದು ಮನೆಯ ಗಂಟೆ ಬಾರಿಸಬೇಕು, ನಡುವೆ ಹತ್ತು ಚೌಕಟ್ಟು, ಯಾವುದಾದರೊಂದರಲ್ಲಿ ನುಸುಳಿಯೇ ದಾಟಬೇಕು, ಹತ್ತೂ ತುಂಬಿದರೆ ಮುಗಿಯಿತು, ಈ ತುದಿಯವನು ಕಾಯುತ್ತಾನೆ, ಆ ತುದಿಯವನ ಫೋನು ಸುಮ್ಮನೆ ಬಿದ್ದಿರುತ್ತದೆ, ದಾರಿಯಿಲ್ಲ. ಕೊಯ್ಯಿರಿ, ಕೊಯ್ಯಿರಿ, ಏನು ತಪಸ್ಸಿಗೆ ಕೂತಿದ್ದೀರಾ ಸ್ವಾಮಿಗಳೇ — ನಮ್ಮ ಮೇಲ್ವಿಚಾರಕ, ಗುಡುಗಪ್ಪ ಎಂದು ನಾವಿಟ್ಟ ಹೆಸರು, ನನ್ನನ್ನು ಅವನು ಸ್ವಾಮಿಗಳೇ ಅನ್ನುತ್ತಾನೆ, ನನಗೆ ಮಾತು ಕಡಿಮೆ, ಮೇಜಿಗೆ ಕೂರುವ ಮೊದಲು ಕಣ್ಣು ಮುಚ್ಚಿ ಅಮ್ಮ ಕಲಿಸಿದ ಎರಡು ಸಾಲು ಹೇಳಿಕೊಳ್ಳುತ್ತೇನೆ, ಅದಕ್ಕೆ. ಕೊಯ್ಯುವುದು ಅಂದರೆ ಸತ್ತ ಕರೆ ಹುಡುಕಿ ಕಿತ್ತುಹಾಕುವುದು, ಮಾತು ಮುಗಿಸಿ ಫೋನು ಸರಿಯಾಗಿ ಇಡದೆ ಎದ್ದುಹೋದವರು ಬೇಕಾದಷ್ಟು, ಅವರ ದಾರಿ ಹಾಗೇ ಹಿಡಿದಿರುತ್ತದೆ, ಕಿವಿಗೆ ತಂತಿ ಸಿಕ್ಕಿಸು, ಮೂರು ಉಸಿರು ಎಣಿಸು, ಯಾರೂ ಮಾತಾಡದಿದ್ದರೆ ಗುಂಡಿ ಒತ್ತು, ಯಾವ ಪುಸ್ತಕದಲ್ಲೂ ಬರೆದಿಲ್ಲ, ಹಳಬರು ಹೇಳಿಕೊಟ್ಟರು, ನಾನು ಹೊಸಬರಿಗೆ ಹೇಳಿಕೊಟ್ಟೆ, ಒಂದು, ಎರಡು, ಮೂರು, ಒತ್ತು, ಕೋಳಿಯ ಕತ್ತು ತಿರುವಿದ ಹಾಗೆ ಟಕ್ಕನೆ ಒಂದು ಸದ್ದು, ಕೆಂಪು ಆರುತ್ತದೆ, ಮರುಕ್ಷಣ ಬೇರೆ ಯಾರೋ ಅದೇ ದಾರಿಗೆ ಬಿದ್ದು ಮತ್ತೆ ಕೆಂಪು. ಎಂಟು ಕೊಯ್ದೆ. ಎಂಟನೆಯದು ಏಳನೆಯ ಚೌಕಟ್ಟಿನಲ್ಲಿತ್ತು, ಒಂದು, ಎರಡು, ಮೂರು, ಏನೂ ಇಲ್ಲ, ಒತ್ತಿದೆ.

ಠಾಣೆಯ ನೇರ ತಂತಿ ಅರಚುತ್ತಿದೆ, ಅದಕ್ಕೆ ಚೌಕಟ್ಟಿನ ಹಂಗಿಲ್ಲ, ಗುಡುಗಪ್ಪ ಎತ್ತಿದ, ಆ ಕಡೆಯ ಪೇದೆಯ ದನಿ ಇಲ್ಲಿಗೂ ಕೇಳುತ್ತದೆ, ಸಾರ್, ಈಗೊಂದು ಕರೆ ಬಂದಿತ್ತು, ಮಾತಿಲ್ಲ ಕತೆಯಿಲ್ಲ, ಹಿಂದೆ ಯಾರನ್ನೋ ಹೊಡೀತಿರೋ ಸದ್ದು, ಎರಡು ಕೇಳ್ತು, ಆಮೇಲೆ ಕಟ್ಟಾಯ್ತು, ಯಾವ ಮನೇದು ಹೇಳಿ ಬೇಗ. ಹೇಗ್ರೀ ಹೇಳೋದು, ದಾರಿ ಇದ್ರೆ ತಾನೆ ಹಿಡ್ಕೊಂಡು ಹಿಂದಕ್ಕೆ ಹೋಗೋದು, ಹೋದ ಕರೆ ಹೋಯ್ತು, ಸತ್ತೋರ ಜಾತಕ ನೋಡಿ ಏನು ಪ್ರಯೋಜನ, ಎಂದ ಗುಡುಗಪ್ಪ. ಮಾತಿಲ್ಲ — ಏಳನೆಯ ಚೌಕಟ್ಟಿನಲ್ಲಿ ನಾನೀಗ ಕಿತ್ತದ್ದರಲ್ಲೂ ಮಾತಿರಲಿಲ್ಲ — ಮಾತಾಡಬೇಡ ಎಂದು ಹೇಳಿದವನು ನಾನು, ಅಕ್ಕನ ಅಡುಗೆಮನೆಯಲ್ಲಿ, ಅವಳ ಮಣಿಕಟ್ಟಿಗೆ ಬಟ್ಟೆ ಸುತ್ತುತ್ತಾ, ಹೋದ ತಿಂಗಳು, ಭಾವ ಬಾಗಿಲ ಚಿಲಕವನ್ನು ಅವಳ ಕೈಯ ಮೇಲೆ ಹಾಕಿ ಒತ್ತಿದ್ದ, ಬೀಗ ರಿಪೇರಿಯವನು, ಜಗತ್ತಿನ ಬೀಗಗಳೆಲ್ಲ ಅವನ ಬೆರಳಿಗೆ ಬಾಯಿ ಬಿಡುತ್ತವೆ, ಅವಳಿಗೆ ಒಳಗಿನಿಂದ ಹಾಕಿಕೊಳ್ಳಲು ಒಂದು ಕೋಣೆಯಿಲ್ಲ. ಅಕ್ಕಾ, ಅವನಿದ್ರೆ ಮಾತಾಡಬೇಡ, ಠಾಣೆಗೆ ಹಾಕಿ ಫೋನು ಕೆಳಗಿಟ್ಟುಬಿಡು, ಕಟ್ ಮಾತ್ರ ಮಾಡಬೇಡ, ದಾರಿ ಇದ್ರೆ ಸಾಕು, ಕೊನೇ ಕಪಾಟು, ಅಲ್ಲಿಂದ ನಡುವಿನ ಚೌಕಟ್ಟು, ಅಲ್ಲಿಂದ ಮೊದಲ ಕಪಾಟು, ಅಲ್ಲಿಂದ ನಿನ್ನ ಮನೆ, ಹಗ್ಗ ಹಿಡಿದು ಬಾವಿಗಿಳಿದ ಹಾಗೆ ಇಳಿದು ಬರ್ತೀವಿ. ನೀವು ಇಳಿದು ಬರೋ ಹೊತ್ತಿಗೆ ನಾನು ತಳ ಸೇರಿರ್ತೀನಿ ಬಿಡೋ, ಎಂದು ನಕ್ಕಳು, ತುಟಿಯ ಸೀಳು ಬಿಚ್ಚಿಕೊಂಡು ರಕ್ತ ಬಂತು, ಸೆರಗಿನಿಂದ ಒತ್ತಿಕೊಂಡೇ ನಕ್ಕಳು. ಪೇಟೆ ಹೊತ್ತಿ ಉರಿಯುತ್ತಿದೆ, ಭಾವ ಅಂಗಡಿ ಮುಚ್ಚಿರುತ್ತಾನೆ, ಹನ್ನೊಂದಕ್ಕೆ ಮನೆಗೆ ಬಂದಿರುತ್ತಾನೆ.

ಅವಳ ನಂಬರು ಬಾಯಿಪಾಠ, ಮೊದಲ ಕಪಾಟು, ಕೆಳಗಿನ ಸಾಲು, ಮೊಣಕಾಲೂರಿ ನೇರ ಅವಳ ತಂತಿಗೇ ಕಿವಿ ಸಿಕ್ಕಿಸಿದೆ, ಫೋನು ಎತ್ತಿಯೇ ಇದೆ, ದೇವರೇ, ಟಕ್, ಏನದು, ಟಕ್, ಮೇಜಿನಿಂದ ಜಾರಿದ ಫೋನು ಸುರುಳಿ ತಂತಿಯಲ್ಲಿ ನೇತಾಡುತ್ತಾ ಮೇಜಿನ ಕಾಲಿಗೆ ಬಡಿಯುತ್ತಿದೆ, ಟಕ್, ಅದರ ಆಚೆ ಒಂದು ಏಟು, ಒದ್ದೆ ಬಟ್ಟೆ ಒಗೆದ ಹಾಗೆ, ಆಮೇಲೆ ಏನೂ ಇಲ್ಲ, ಒಂದು, ಎರಡು, ಮೂರು, ಇನ್ನೊಂದು ಏಟು — ಇಷ್ಟು ನಿಧಾನವಾಗಿ ಹೊಡೆಯುತ್ತಾನೆ, ಬೀಗದೊಳಗೆ ಕಡ್ಡಿ ಆಡಿಸುವವನ ಕೈ, ಅವಸರವಿಲ್ಲ, ಎರಡು ಏಟಿನ ನಡುವಿನ ಬಿಡುವಿನಲ್ಲಿ ನನ್ನ ಮೂರು ಉಸಿರು ಹಿಡಿಸಿದವು. ಪದ ಬಿಡು, ನಿಲ್ಲಿಸಿದ ಜಾಗ ಕೇಳಿಸ್ಕೋ ಮಗಾ, ಎನ್ನುತ್ತಿದ್ದಳು ಅಮ್ಮ, ಪದ್ಯ ಓದುವಾಗ ಸಾಲಿನ ಕೊನೆಗೆ ಉಸಿರು ಬಿಗಿಹಿಡಿದು, ಅರ್ಥ ಎಲ್ಲಾ ಅಲ್ಲೇ ಕೂತಿರತ್ತೆ. ಎದ್ದೇಳು, ಎದ್ದೇಳು ಅಂದೆ, ಎಂದ ಭಾವ. ನಾನು ಗುಡುಗಪ್ಪನ ಕೈಯಿಂದ ನೇರ ತಂತಿ ಕಿತ್ತುಕೊಂಡು ಕಿರುಚಿದೆ, ನೀರಿನ ಟ್ಯಾಂಕಿನ ಹಿಂದಿನ ಸಾಲು, ಎರಡನೇ ಮಹಡಿ, ಹಸಿರು ಬಾಗಿಲು, ನಮ್ಮಕ್ಕ ಸಾರ್ ಅದು. ಪೇಟೆ ಸುತ್ತಿಕೊಂಡು ಬರಬೇಕು ಸಾರ್, ಹತ್ತು ನಿಮಿಷ, ಇಗೋ ಹೊರಟ್ವಿ, ಎಂದ ಪೇದೆ. ನಾನು ಓಡಿದರೆ ಅರ್ಧ ಗಂಟೆ. ಭಾವಾ, ಭಾವಾ ಎಂದು ಅಕ್ಕನ ತಂತಿಯೊಳಗೆ ಕೂಗಿದೆ, ನೇತಾಡುವ ಫೋನಿನಿಂದ ನನ್ನ ದನಿ ನೆಲಕ್ಕೆ ಇರುವೆಗಳ ಹಾಗೆ ಉದುರಿರಬೇಕು, ಯಾರೂ ತಿರುಗಲಿಲ್ಲ. ಕೂಗುಸದ್ದು ಇದೆ, ಫೋನು ಸರಿಯಾಗಿ ಇಡದವರನ್ನು ಎಬ್ಬಿಸಲು ತಂತಿಯಲ್ಲಿ ಬಿಡುವ ಸೈರನ್ನಿನಂಥದ್ದು, ಬಿಟ್ಟೆ, ಇನ್ನೂ ಜೋರು, ಏಟು ನಿಂತಿತು, ನಿಂತಿತು, ಹೆಜ್ಜೆ ಹತ್ತಿರ ಬಂತು, ಟಕ್ ನಿಂತು ಹೋಯಿತು, ಫೋನು ಅವನ ಕೈಯಲ್ಲಿ. ಯಾವನೋ ಅದು? ನಾನು ಭಾವಾ, ಬಿಟ್ಬಿಡಿ ಅವಳನ್ನ, ಕೈ ಮುಗೀತೀನಿ, ಪೊಲೀಸ್ನೋರು ಹೊರಟಿದ್ದಾರೆ. ಅವನ ಉಸಿರು, ಒಂದು, ಎರಡು. ಓಹೋ, ಫೋನ್ ಬಿಸಾಕಿ ಸುಮ್ಮನೆ ಬಿದ್ಕೊಂಡಿದ್ದು ಇದಕ್ಕಾ, ಹೇಳ್ಕೊಟ್ಟ ಗುರು ನೀನೇನಾ, ಕೇಳು ಹಂಗಾದ್ರೆ, ಚೆನ್ನಾಗಿ ಕೇಳು, ಕೇಳೋದೇ ತಾನೆ ನಿನ್ನ ಕೆಲಸ. ಫೋನು ಬಿಟ್ಟ, ಟಕ್, ಟಕ್, ಈಗ ಬಿಡುವಿಲ್ಲ, ಎಣಿಸಲು ಏನೂ ಇಲ್ಲ, ಕುರ್ಚಿ ಮುರಿದದ್ದು ಕೇಳಿತು, ಗಾಜು ಕೇಳಿತು, ಅಕ್ಕ ಒಂದು ಸಲ ನನ್ನನ್ನು ಚಿಕ್ಕಂದಿನ ಹೆಸರಿನಿಂದ ಕರೆದದ್ದು ಕೇಳಿತು, ನನ್ನ ಹಲ್ಲು ನನ್ನ ಕೈಯೊಳಗೆ ಇಳಿದಿದೆ, ಉಪ್ಪು, ಗುಡುಗಪ್ಪ ಹಿಂದಿನಿಂದ ನನ್ನ ಭುಜ ಹಿಡಿದಿದ್ದಾನೆ, ಸುತ್ತ ನೂರು ಗುಂಡಿ ಒತ್ತುವ ಸದ್ದು, ಯಾರ ಕತ್ತು ಯಾರು ತಿರುವುತ್ತಿದ್ದಾರೋ.

ಬಾಗಿಲು ದಡಾರನೆ ಬಡಿಯಿತು, ಮೆಟ್ಟಿಲ ಮೇಲೆ ಭಾವ ಇಳಿದೋಡಿದ, ಆಮೇಲೆ ಮನೆಯೊಳಗೆ ಯಾರೂ ಇಲ್ಲದ ಹಾಗೆ, ಟಕ್, ನಾನು ಉಸಿರು ಎಣಿಸಲಿಲ್ಲ, ಎಣಿಸುವುದಿಲ್ಲ, ಅಕ್ಕಾ ನಾನಿದ್ದೀನಿ, ದಾರಿ ಬಿಟ್ಟಿಲ್ಲ, ಟಕ್, ಮೂರರ ಆಚೆ ನಾಲ್ಕು ಇದೆ, ನಲವತ್ತಿದೆ, ನಾನು ಕಾಯುತ್ತೇನೆ, ಟಕ್, ಬೂಟುಗಳು, ಒಂದು ಜೊತೆ, ಎರಡು ಜೊತೆ, ಅಯ್ಯಯ್ಯೋ ಎಂದಿತು ಒಂದು ಎಳೆಯ ದನಿ, ನೀರು ತಗೊಂಬಾ ಎಂದಿತು ಇನ್ನೊಂದು, ಆಮೇಲೆ ಅದೇ ದನಿ, ಬೇಡ ಬಿಡು, ನೀರು ಬೇಡ. ಫೋನು ಎತ್ತಿಕೊಂಡರು. ಎಕ್ಸ್‌ಚೇಂಜಾ? ಹೌದು. ನೀವೇನಾ ತಮ್ಮ? ಹೌದು, ಹೇಳಿ, ಅವಳ ಕೈಗೆ ಕೊಡಿ, ಕಿವಿ ಹತ್ತಿರ ಹಿಡೀರಿ. ಸಾರ್, ಇನ್ನು ಈ ಲೈನ್ ತೆಗೆದುಬಿಡಿ ಸಾರ್, ಎಂದ ಪೇದೆ. ಫೋನನ್ನು ಮೇಜಿನ ಮೇಲಿಟ್ಟಿರಬೇಕು, ಅಂಚಿನಲ್ಲಿ ಇಟ್ಟಿರಬೇಕು, ಜಾರಿತು, ನನ್ನ ಬೆರಳು ಗುಂಡಿಯ ಮೇಲಿದೆ, ಒತ್ತುತ್ತಿಲ್ಲ, ಸುರುಳಿ ತಂತಿ, ಮೇಜಿನ ಕಾಲು, ಟಕ್, ಕರಿಯ ಫೋನು ಆ ಕಡೆಗೆ ಹೋಗಿ, ಈ ಕಡೆಗೆ ಬಂದು, ಟಕ್, ಆ ಕಡೆಗೆ ಹೋಗಿ —